ಒಪ್ಪದವರು ಏಳತಕ್ಕದ್ದು

ನಮ್ಮೂರು ಮೆಟ್ಲಾವಿನಲ್ಲಿ ಯಾರನ್ನೂ ಬರೀ ಹೆಸರು ಹಿಡಿದು ಕರೆಯುವ ರೂಢಿ ಇಲ್ಲ. ಮೊದಲು ಮನೆಯ ಹೆಸರು, ಆಮೇಲೆ ಆಸಾಮಿಯ ಹೆಸರು. ಓಟ್ಮಾರನ ಅಜ್ಜ, ಮುತ್ತಜ್ಜ ಎಲ್ಲ ಗಾಡಿಚಕ್ರ ಮಾಡಿದವರು, ಹಾಗಾಗಿ ಅವನು ತೊಟ್ಟಿಲಲ್ಲೇ ಚಕ್ರದ ಮನೆ ಓಟ್ಮಾರ್. ನಲವತ್ತು ದಾಟುವ ತನಕ ಅದೇ ಹೆಸರು ನಡೆಯಿತು. ಆಮೇಲೆ ಒಂದು ಸಂಜೆ ಪಂಚಾಯ್ತಿ ಸಭೆಯಲ್ಲಿ ಅವನು ಕುರ್ಚಿ ಬಿಟ್ಟು ಎದ್ದ. ಅಷ್ಟೇ ಮಾಡಿದ್ದು, ಬೇರೇನೂ ಇಲ್ಲ. ಮಾರನೆಯ ಬೆಳಗ್ಗೆ ಹಾಲಿನ ಡಿಪೋದಲ್ಲಿ ಅವನು 'ಎದ್ದ ಓಟ್ಮಾರ್' ಆಗಿಹೋಗಿದ್ದ. ಊರ ಬಾಯಿಗೆ ಬೀಗ ಹಾಕಿದವರು ಯಾರಿದ್ದಾರೆ.

ಈಗಿನವರಿಗೆ ಪಂಚಾಯ್ತಿ ಅಂದರೆ ಏನೂಂತಲೇ ಗೊತ್ತಿಲ್ಲ. ಈಗ ಏನು ಬೇಕಾದರೂ ಕೆಸಿಂಗನ್ ಪಟ್ಟಣಕ್ಕೆ ಬಸ್ಸು ಹತ್ತಬೇಕು, ನಗರಸಭೆಯ ಮೂರನೇ ಮಹಡಿಯಲ್ಲಿ ಸರದಿಯ ಚೀಟಿ ಹರಿದುಕೊಂಡು ಕಾಯಬೇಕು, ಗಾಜಿನ ಹಿಂದಿನ ಹುಡುಗಿ ಮುಖ ಕೂಡ ಎತ್ತದೆ ಹೆಸರು ಕೇಳುತ್ತಾಳೆ. ನಮ್ಮ ಕಾಲದಲ್ಲಿ ಹೆಸರು ಹೇಳುವುದೇ ಅವಮಾನ. ಅಧ್ಯಕ್ಷ ವೆಂಡೆಲಿನ್ ಕೊಟ್ಟಿಗೆಯಲ್ಲಿ ಹಾಲು ಕರೆಯುತ್ತಿದ್ದರೆ ಅಲ್ಲಿಗೇ ಹೋಗಿ ನಿಂತರಾಯಿತು. ಅವನು ಕೈ ಒರೆಸಿಕೊಂಡು, ಅಡುಗೆಮನೆಯ ಮೇಜಿನ ಮೇಲಿದ್ದ ಬ್ರೆಡ್ಡಿನ ಚೂರುಗಳನ್ನು ಆಚೆ ತಳ್ಳಿ, ಊರಿನ ಮೊಹರನ್ನು ಟಪ್ಪಂತ ಒತ್ತಿ ಕೊಡುತ್ತಿದ್ದ. ಜೊತೆಗೆ ಒಂದು ಲೋಟ ಸೇಬಿನ ಹೆಂಡ. ಹಲ್ಲು ಜುಮ್ಮೆನ್ನುವಷ್ಟು ಹುಳಿ, ಆದರೂ ಈಗ ಅದನ್ನು ನೆನೆದರೆ ಬಾಯಲ್ಲಿ ನೀರೂರುತ್ತದೆ.

ಸಭೆ ಸೇರುತ್ತಿದ್ದದ್ದು ಬೆಂಕಿ ಆರಿಸುವ ಗಾಡಿಯನ್ನು ನಿಲ್ಲಿಸುವ ಕೊಟ್ಟಿಗೆಯ ಮೇಲಿನ ಕೋಣೆಯಲ್ಲಿ. ಎಂಟು ಜನ ಸದಸ್ಯರು, ಒಂಬತ್ತನೆಯವನು ವೆಂಡೆಲಿನ್. ಮತ ಹಾಕುವುದಕ್ಕೆ ನಮ್ಮದೇ ಒಂದು ಪದ್ಧತಿ ಇತ್ತು. ಒಪ್ಪಿದವರು ಕೂತಿರಬೇಕು, ಒಪ್ಪದವರು ಏಳಬೇಕು. ಹೊಲದಲ್ಲಿ ದಿನವಿಡೀ ದುಡಿದು ಬಂದವನು ಒಂದು 'ಹೂಂ' ಹೇಳೋದಕ್ಕೆ ಕಾಲು ಯಾಕೆ ನೋಯಿಸಿಕೊಳ್ಳಬೇಕು? ಬೇರೆ ಕಡೆ ಮೌನ ಸಮ್ಮತಿ ಲಕ್ಷಣವಾದರೆ ನಮ್ಮೂರಲ್ಲಿ ಕೂತಿದ್ದೇ ಸಮ್ಮತಿ ಲಕ್ಷಣ. ಸಭೆ ಮುಗಿದ ಮೇಲೆ ಇನ್ನೊಂದು ಸಭೆ. ಅದು ಎದುರುಗಡೆ ಫಿಲೊಮೆನಾಳ 'ಜಿಂಕೆ' ಬಿಯರ್ ಅಂಗಡಿಯಲ್ಲಿ. ಮೇಲಿನ ಕೋಣೆಯಲ್ಲಿ ಎತ್ತು ಏರಿಗೆ, ಕೋಣ ನೀರಿಗೆ ಎಳೆದದ್ದೆಲ್ಲ ಇಲ್ಲಿ ಬೇಳೆಸಾರು, ಸಾಸೇಜಿನ ಮುಂದೆ ಸರಿಹೋಗುತ್ತಿತ್ತು. ಎಷ್ಟೇ ಬಯ್ದಾಡಿಕೊಂಡರೂ ಒಂದೇ ಮೇಜಿನಲ್ಲಿ ಉಂಡು ಏಳುತ್ತಿದ್ದರು. ಆ ದಿನಗಳು ಹೋದವು.

ಆ ಕೋಣೆಯಲ್ಲಿ ಏಳುವುದಕ್ಕೇ ಹುಟ್ಟಿದವನು ಓಟ್ಮಾರ್. ಬೀದಿದೀಪ ಬೇಡ ಅಂತ ಎದ್ದ, ಡಾಂಬರು ಬೇಡ ಅಂತ ಎದ್ದ, ಸ್ಮಶಾನಕ್ಕೆ ಹೊಸ ಬೇಲಿ ಅಂದಾಗಲೂ ಎದ್ದ.

"ಬೇಲಿ ಯಾಕೆ? ಒಳಗಿರೋರು ಹೊರಗೆ ಬರಲ್ಲ, ಹೊರಗಿರೋರಿಗೆ ಒಳಗೆ ಹೋಗೋ ಅವಸರ ಇಲ್ಲ," ಅಂದಿದ್ದ.

"ಓಟ್ಮಾರ್ ಎದ್ದನಾ? ಹಾಗಾದ್ರೆ ಕೆಲಸ ಒಳ್ಳೇದೇ ಇರ್ಬೇಕು, ಬರ್ಕೊಳ್ಳಿ," ಅನ್ನುತ್ತಿದ್ದ ವೆಂಡೆಲಿನ್. ಎಲ್ಲರೂ ನಗುತ್ತಿದ್ದರು, ಓಟ್ಮಾರನೂ ನಗುತ್ತಿದ್ದ. ಇಬ್ಬರೂ ಒಂದೇ ಬೆಂಚಿನಲ್ಲಿ ಅಕ್ಷರ ಕಲಿತವರು, ಪಾದ್ರಿಯ ತೋಟದ ಪ್ಲಮ್ ಹಣ್ಣು ಒಟ್ಟಿಗೆ ಕದ್ದು ಒಟ್ಟಿಗೆ ಏಟು ತಿಂದವರು. ಪ್ರತಿ ಗುರುವಾರ ಜಿಂಕೆಯಲ್ಲಿ ಇಬ್ಬರೂ ಇಸ್ಪೀಟು ಹಿಡಿದು ಕೂತರೆ ಮಧ್ಯೆ ಯಾರೂ ಮೂಗು ತೂರಿಸುವ ಹಾಗಿರಲಿಲ್ಲ.

ಹೀಗಿದ್ದಾಗ ನಮ್ಮ ಪ್ರಾಂತ್ಯದ ರಾಜಧಾನಿ ಸ್ಟುಟ್‌ಗಾರ್ಟಿನ ಸರ್ಕಾರಕ್ಕೆ ಸಣ್ಣ ಊರುಗಳೆಲ್ಲ ದೊಡ್ಡವುಗಳ ಜೊತೆ ಸೇರಲಿ ಅನ್ನುವ ಬುದ್ಧಿ ಬಂತು. ತಾವಾಗಿ ಸೇರಿದವರಿಗೆ ಕರಾರು ಮಾಡಿಕೊಳ್ಳುವ ಅವಕಾಶ. ಮೊಂಡು ಹಿಡಿದವರನ್ನು ಮುಂದೆ ಕಾನೂನೇ ತಳ್ಳುತ್ತದೆ, ಆಗ ಕರಾರೂ ಇಲ್ಲ ಗಿರಾರೂ ಇಲ್ಲ. ನಮ್ಮ ಪಾಲಿಗೆ ಬಂದದ್ದು ಕೆಸಿಂಗನ್.

ಕೆಸಿಂಗನ್ ಅಂದರೆ ಸಾಮಾನ್ಯವೇ! ಒಂದು ಕಾಲಕ್ಕೆ ಚಕ್ರವರ್ತಿಯೊಬ್ಬನನ್ನು ಬಿಟ್ಟು ಬೇರೆ ಯಾವ ದೊರೆಗೂ ತಲೆ ಬಾಗದ ಪಟ್ಟಣ. ನೇಕಾರರು, ಚಮ್ಮಾರರು, ಕಮ್ಮಾರರು ತಾವೇ ಸಭೆ ಕೂತು ಆಳಿದ ಊರು. ಆ ಯಜಮಾನರ ಮುಖಗಳನ್ನೆಲ್ಲ ನಗರಸಭೆಯ ಗೋಡೆ ತುಂಬ ಬರೆಸಿಟ್ಟಿದ್ದಾರೆ, ಒಬ್ಬೊಬ್ಬನೂ ಹಲ್ಲುನೋವು ಬಂದವನ ಹಾಗೆ ನೋಡುತ್ತಾನೆ. ನಾವೋ ಸನ್ಯಾಸಿನಿಯರ ಮಠಕ್ಕೆ ಗೇಣಿ ಕೊಡುತ್ತಿದ್ದವರು. ಅವರ ಸಂತೆಯಲ್ಲಿ ನಮ್ಮ ಮೂಲಂಗಿಗೂ ಒಂದು ಮೂಲೆಯಿರಲಿಲ್ಲ.

"ಸ್ವೀಡನ್ನಿನ ದಂಡು ಊರಿಗೆ ಬೆಂಕಿ ಇಟ್ಟಾಗ ನಮ್ಮೋರು ಹೆಂಡ್ರು ಮಕ್ಕಳನ್ನ ಕಟ್ಕೊಂಡು ಕೆಸಿಂಗನ್ ಬಾಗಿಲಿಗೆ ಓಡಿದ್ರು. ಬಾಗಿಲು ಹಾಕ್ಕೊಂಡ್ರಲ್ಲ ನನ್ಮಕ್ಕಳು," ಅಂದ ಕಾಸ್ಪರ್. ಹಾಲಿನ ಡಿಪೋ ನೋಡಿಕೊಳ್ಳುತ್ತಿದ್ದ ಕಾಸ್ಪರನೇ 'ಸೇರಬಾರದು' ಅನ್ನುವವರ ಮುಖಂಡ.

"ಅದು ಮುನ್ನೂರು ವರ್ಷದ ಹಿಂದಿನ ಮಾತಲ್ವೇನಯ್ಯ," ಅಂದರು ಹೂಬರ್ಟ್ ಮೇಷ್ಟ್ರು. ಅವರು ಸೇರೋಣ ಅನ್ನುವ ಕಡೆ. ಗಾಳಿ ಬಂದಾಗ ತೂರಿಕೊಳ್ಳಬೇಕು ಅನ್ನುವುದು ಅವರ ವಾದ.

"ಬಾಗಿಲು ಇನ್ನೂ ಅಲ್ಲೇ ಇದೆ ಮೇಷ್ಟ್ರೇ. ಬೇಕಾದ್ರೆ ಹೋಗಿ ನೋಡ್ಕೊಂಡು ಬನ್ನಿ."

ಲೆಕ್ಕ ಊರಿಗೆಲ್ಲ ಗೊತ್ತಿತ್ತು. ನಾಲ್ವರು ಸೇರೋಣ ಅನ್ನುವವರು, ನಾಲ್ವರು ಬೇಡ ಅನ್ನುವವರು, ವೆಂಡೆಲಿನ್ ಬೇಡ ಅನ್ನುವವರ ಕಡೆ. ಜಿಂಕೆಯ ಮೇಜು ಗುದ್ದಿ ಗುದ್ದಿ ಅವನು ಕೆಸಿಂಗನ್ನನ್ನು ಬಯ್ದದ್ದಕ್ಕೆ ಫಿಲೊಮೆನಾಳ ಲೋಟಗಳೇ ಸಾಕ್ಷಿ. ಹಾಗಾಗಿ ಊರು ಉಳಿಯಿತು ಅಂತಲೇ ಎಲ್ಲರ ಭಾವನೆ. ಓಟ್ಮಾರ್ ಆ ವಾರವೆಲ್ಲ ಎದೆ ಉಬ್ಬಿಸಿಕೊಂಡು ತಿರುಗಿದ. ಸಿಕ್ಕವರಿಗೆಲ್ಲ, "ನಾನಂತೂ ಎದ್ದು ನಿಲ್ತೀನಿ. ಇಷ್ಟು ವರ್ಷ ಎದ್ದಿದ್ದು ಬರೀ ಅಭ್ಯಾಸ," ಅಂದ.

"ಎದ್ದಿದ್ದು ಸಾಕು, ಊಟಕ್ಕೆ ಕೂತ್ಕೋ ಮಾರಾಯ," ಅಂದಳು ಹೆಂಡತಿ ಲಿಯೋಬಾ.

ಸಭೆಯ ಸಂಜೆ ಕೋಣೆಯ ಮೆಟ್ಟಿಲ ತುಂಬ ಜನ. ಜಿಲ್ಲಾ ಕಚೇರಿಯ ಅಧಿಕಾರಿ ಒಬ್ಬರು ಬಂದು ಮುಂದಿನ ಕುರ್ಚಿಯಲ್ಲಿ ಕೂತಿದ್ದರು. ವೆಂಡೆಲಿನ್ ಮದುವೆಯ ಕೋಟು ಹಾಕಿಕೊಂಡು ಬಂದಿದ್ದ. ಊರು, ಹಿರಿಯರು, ಮಣ್ಣು ಅಂತ ಎದೆಗೆ ನಾಟುವಂಥ ಭಾಷಣ ಮಾಡಿದ. ಹೆಂಗಸರು ಕಣ್ಣೊರೆಸಿಕೊಂಡರು. ಆಮೇಲೆ ಕನ್ನಡಕ ಏರಿಸಿ, ಯಾವತ್ತೂ ಇಲ್ಲದ ಕಚೇರಿಯ ಭಾಷೆಯಲ್ಲಿ ಓದಿದ:

"ಕೆಸಿಂಗನ್ ನಗರಸಭೆಯೊಡನೆ ಮೆಟ್ಲಾವ್ ಗ್ರಾಮವು ವಿಲೀನಗೊಳ್ಳಕೂಡದೆಂಬ ನಿರ್ಣಯವನ್ನು ಒಪ್ಪುವವರು ಆಸೀನರಾಗಿರತಕ್ಕದ್ದು, ಒಪ್ಪದವರು ಏಳತಕ್ಕದ್ದು."

ಓಟ್ಮಾರನ ಕಿವಿಗೆ ಬಿದ್ದದ್ದು ಎರಡೇ ಮಾತು. ಕೆಸಿಂಗನ್. ಒಪ್ಪದವರು. ಕುರ್ಚಿ ಹಿಂದಕ್ಕೆ ಬೀಳುವ ಹಾಗೆ ಎದ್ದು, ಗದ್ದ ಮೇಲೆತ್ತಿ ನಿಂತ. ಅವನ ಬಾಳಿನಲ್ಲಿ ಅಷ್ಟು ಹೆಮ್ಮೆಯಿಂದ ನಿಂತ ಗಳಿಗೆ ಇನ್ನೊಂದಿಲ್ಲ. ಆಮೇಲೆ ಪಕ್ಕಕ್ಕೆ ನೋಡುತ್ತಾನೆ, ಹೂಬರ್ಟ್ ಮೇಷ್ಟ್ರೂ ಎದ್ದಿದ್ದಾರೆ. ಅವರ ಕಡೆಯ ಇನ್ನೂ ಮೂವರು ಎದ್ದಿದ್ದಾರೆ. ಕಾಸ್ಪರ್ ಕೂತೇ ಇದ್ದಾನೆ, ಕೂತಲ್ಲಿಂದಲೇ ಇವನ ಕೋಟಿನ ಅಂಚು ಹಿಡಿದು ಜಗ್ಗುತ್ತಿದ್ದಾನೆ.

ಮೇಷ್ಟ್ರಿಗೇ ಗಾಬರಿಯಾಗಿತ್ತು. "ಓಟ್ಮಾರ್, ನೀವು ನಮ್ಮ ಕಡೆ ಯಾವಾಗ ಬಂದ್ರಿ?" ಅಂದರು ಮೆಲ್ಲಗೆ.

ಆಗ ಅವನಿಗೆ ಅರ್ಥವಾಯಿತು. ಸೇರಬಾರದೆಂಬುದನ್ನು ಒಪ್ಪದವರು, ಅಂದರೆ ಸೇರೋಣ ಅನ್ನುವವರು! 'ತಪ್ಪಿ ಎದ್ದೆ' ಅಂತ ಒಂದು ಮಾತು ಆಗಲೇ ಅಂದಿದ್ದರೆ ಮುಗಿಯುತ್ತಿತ್ತು. ಆದರೆ ಜಿಲ್ಲೆಯ ಅಧಿಕಾರಿಯ ಮುಂದೆ, ಮೆಟ್ಟಿಲ ತುಂಬ ನಿಂತ ಹೆಂಗಸರ ಮುಂದೆ, ಇಷ್ಟು ವರ್ಷದ ಸದಸ್ಯ ಒಂದು ವಾಕ್ಯ ಅರ್ಥವಾಗಲಿಲ್ಲ ಅನ್ನುವುದು ಹೇಗೆ? ವೆಂಡೆಲಿನ್ ಕಡೆ ನೋಡಿದ. ಗೆಳೆಯ ಒಂದು ಸಲ ಕೇಳಲಿ, 'ಲೇ ಓಟ್ಮಾರ್, ಸರಿಯಾಗಿ ಕೇಳಿಸ್ಕೊಂಡ್ಯಾ' ಅಂತ ಯಾವಾಗಲೂ ಮಾಡುವ ಹಾಗೆ ಗೇಲಿ ಮಾಡಲಿ, ಅಷ್ಟು ಸಾಕಿತ್ತು. ವೆಂಡೆಲಿನ್ ಕೂಡ ಅವನನ್ನು ನೋಡಿದ. ನೋಡಿ, ಕನ್ನಡಕ ತೆಗೆದು ಒರೆಸಿಕೊಂಡ. ಕೇಳಲಿಲ್ಲ.

"ನಿರ್ಣಯ ಬಿದ್ದುಹೋಯ್ತು. ಅಂದ ಮೇಲೆ ವಿಲೀನಕ್ಕೆ ಅಡ್ಡಿಯಿಲ್ಲ ಅಂತ ಬರ್ಕೊಳ್ಳಲಾ?" ಅಂದರು ಅಧಿಕಾರಿ.

"ಬರ್ಕೊಳ್ಳಿ," ಅಂದ ವೆಂಡೆಲಿನ್.

ಅಂದು ಜಿಂಕೆಯಲ್ಲಿ ಯಾರೂ ಉಣ್ಣಲಿಲ್ಲ. "ಎಷ್ಟು ಕೊಟ್ರೋ ನಿಂಗೆ?" ಅಂತ ಕಾಸ್ಪರ್ ಕುತ್ತಿಗೆ ಪಟ್ಟಿ ಹಿಡಿದ. ಓಟ್ಮಾರ್ ಬಿಡಿಸಿಕೊಂಡು ಮನೆಗೆ ಹೋಗಿ, ಅಡುಗೆಮನೆಯ ಮೇಜಿಗೆ ತಲೆಯಿಟ್ಟು ಗೊಳೋ ಅಂತ ಅತ್ತುಬಿಟ್ಟ. ಲಿಯೋಬಾ ಎಲ್ಲ ಕೇಳಿದಳು, ಬೆಳಗ್ಗೆ ಹಾಲಿನ ಕ್ಯಾನು ಎತ್ತಿಕೊಂಡು ನೆಟ್ಟಗೆ ಡಿಪೋಗೆ ಹೋದಳು. ಅಲ್ಲಿ ಸೇರಿದ್ದವರ ಮುಂದೆ, "ನನ್ ಗಂಡ ದ್ರೋಹಿ ಅಲ್ಲ, ದಡ್ಡ. ಪ್ರಶ್ನೆ ಅರ್ಥ ಆಗದೆ ಎದ್ದ. ನಗೋದಿದ್ರೆ ನಗಿ, ಬಯ್ಯೋ ಹಾಗಿಲ್ಲ," ಅಂದಳು. ಮೊದಲು ನಕ್ಕವನು ಕಾಸ್ಪರ್. ಆ ನಗು ಮೂವತ್ತು ವರ್ಷ ನಡೆಯಿತು.

ಹೀಗೆ ನಾವು ಕೆಸಿಂಗನ್ ಆದೆವು. ಅವರಲ್ಲೂ ಒಂದು ದೊಡ್ಡಬೀದಿ ಇತ್ತು, ಒಂದೇ ಪಟ್ಟಣದಲ್ಲಿ ಎರಡು ದೊಡ್ಡಬೀದಿ ಇರಕೂಡದಂತೆ, ನಮ್ಮದು ಲ್ಯಾವೆಂಡರ್ ಬೀದಿಯಾಯಿತು. ಮೆಟ್ಲಾವಿನಲ್ಲಿ ಸಗಣಿ ಗುಂಡಿ ಇಲ್ಲದ ಮನೆ ಇರಲಿಲ್ಲ, ಲ್ಯಾವೆಂಡರ್ ಕಂಡವರು ಒಬ್ಬರೂ ಇರಲಿಲ್ಲ. ಊರಿನ ಮೊಹರನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟರು. ಪಂಚಾಯ್ತಿ ಕೋಣೆಗೆ ಬೀಗ ಬಿತ್ತು. ಅಂಥ ಕೋಣೆಯನ್ನು ಮುಚ್ಚಿದರಲ್ಲ, ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ. ಆದರೆ ಸುಳ್ಳು ಹೇಳಬಾರದು, ಕರಾರಿನ ಪ್ರಕಾರ ಶಾಲೆ ಉಳಿಯಿತು, ನಲ್ಲಿಯಲ್ಲಿ ಒಳ್ಳೆ ನೀರು ಬಂತು. ತಡಮಾಡಿದ ಪಕ್ಕದ ಊರುಗಳಿಗೆ ಅದೂ ಇಲ್ಲ. ನೀರು ಕುಡಿದೇ ನಾವು ಬಯ್ಯುತ್ತಿದ್ದೆವು.

ವೆಂಡೆಲಿನ್ ನಗರಸಭೆಯಲ್ಲಿ ನಮ್ಮೂರಿನ ಪ್ರತಿನಿಧಿಯಾಗಿ ಕೂತ. ಊರವರಲ್ಲಿ ಗುಸುಗುಸು ಶುರುವಾಯಿತು. ಪ್ರಶ್ನೆಯನ್ನು ಯಾಕೆ ಹಾಗೆ ಮಗುಚಿ ಹಾಕಿದ? ಯಾವತ್ತೂ ಸೀದಾ ಕೇಳುತ್ತಿದ್ದವನು ಅವತ್ತೇ ಯಾಕೆ ತಿರುಗಿಸಿದ? "ಕಚೇರಿಯವರು ಹೇಳಿದ ಹಾಗೆ ಓದಿದೆ," ಅನ್ನುತ್ತಿದ್ದ ಅವನು. ಅರ್ಧ ಊರು ನಂಬಿತು. ಇನ್ನರ್ಧ ಬೆನ್ನ ಹಿಂದೆ 'ಊರು ಮಾರಿದವನು' ಅಂದಿತು.

ಓಟ್ಮಾರನಿಗೆ ಮಾತ್ರ ಯಾವ ಅರ್ಧಕ್ಕೆ ಸೇರಬೇಕೋ ಗೊತ್ತಾಗಲಿಲ್ಲ. ಗೆಳೆಯ ಬೇಕೆಂತಲೇ ಮಾಡಿದ್ದರೆ ತಾನು ಅವನ ಕೈಯ ಇಸ್ಪೀಟೆಲೆ. ಮಾಡಿರದಿದ್ದರೆ ಆರುನೂರು ವರ್ಷದ ಊರನ್ನು ಮುಳುಗಿಸಿದ ದಡ್ಡ ತಾನೊಬ್ಬನೇ. ಎರಡರಲ್ಲಿ ಯಾವುದು ನಿಜವಾದರೂ ಸುಖವಿಲ್ಲ, ಗೊತ್ತಿಲ್ಲದೆ ನಿದ್ದೆಯಿಲ್ಲ. ಗುರುವಾರ ಬಂದರೆ ಇಬ್ಬರೂ ಜಿಂಕೆಯಲ್ಲಿ ಎದುರುಬದುರು ಕೂರುತ್ತಿದ್ದರು. ಎಲೆ ಹಂಚುವಾಗ ಎಷ್ಟೋ ಸಲ ಓಟ್ಮಾರ್ ಕೇಳಲು ಹೊರಟ, ಕೇಳದೆ ಆಟ ಮುಂದುವರಿಸಿದ. ಪಕ್ಕದ ಮೇಜಿನಿಂದ ಕಾಸ್ಪರ್, "ಓಟ್ಮಾರ್, ಬಿಯರ್ ಬೇಡ ಅನ್ನೋರು ಏಳ್ಬೇಕಂತೆ, ಹುಷಾರಪ್ಪ," ಅಂತ ಕೂಗುತ್ತಿದ್ದ. ಅಂಗಡಿಯೆಲ್ಲ ನಗುತ್ತಿತ್ತು. ಓಟ್ಮಾರನೂ ನಗುತ್ತಿದ್ದ, ಏನು ಮಾಡುವುದು? ವೆಂಡೆಲಿನ್ ಮಾತ್ರ ನಗುತ್ತಿರಲಿಲ್ಲ.

ವಯಸ್ಸು ಎಪ್ಪತ್ತಾದಾಗ ವೆಂಡೆಲಿನ್ ಹಾಸಿಗೆ ಹಿಡಿದ, ಪಟ್ಟಣದ ಆಸ್ಪತ್ರೆಗೆ ಸೇರಿಸಿದರು. ಗುರುವಾರ ಓಟ್ಮಾರ್ ಇಸ್ಪೀಟು ಕಟ್ಟನ್ನು ಜೇಬಿಗೆ ಹಾಕಿಕೊಂಡು ಬಸ್ಸು ಹತ್ತಿದ. ವೆಂಡೆಲಿನ್ ಒಣಗಿ ಕಡ್ಡಿಯಾಗಿದ್ದ. ಒಂದಾಟವೂ ಮುಗಿಯಲಿಲ್ಲ, ಎಲೆ ಕೆಳಗಿಟ್ಟ.

"ಇಷ್ಟು ವರ್ಷ ಆಯ್ತು, ನೀನು ಯಾಕೋ ನನ್ನ ಕೇಳ್ಲಿಲ್ಲ?" ಅಂದ.

"ಏನು?"

"ಏನೂಂತ ನಿಂಗೊತ್ತು."

ಓಟ್ಮಾರ್ ಕಿಟಕಿಯ ಕಡೆ ನೋಡಿದ. "ಕೇಳಿದ್ರೆ ನೀನು ಹೇಳ್ಬಿಡ್ತೀಯ ಅಂತ," ಅಂದ.

"ಬೇಕೂಂತ್ಲೇ ಮಾಡ್ದೆ ಕಣೋ. ಶಾಲೆ ಮುಚ್ಚೋದ್ರಲ್ಲಿತ್ತು. ಬಾವಿ ನೀರು ಕೂಸುಗಳಿಗೆ ಕುಡಿಸ್ಬೇಡಿ ಅಂತ ಡಾಕ್ಟ್ರು ಗುಟ್ಟಾಗಿ ಹೇಳಿದ್ರು. ಕರಾರು ಮಾಡ್ಕೊಳ್ಳದೆ ಬೇರೆ ದಾರಿ ಇರ್ಲಿಲ್ಲ. ಆದ್ರೆ ಜಿಂಕೆಯಲ್ಲಿ ಮೇಜು ಗುದ್ದಿ ಬಯ್ದಿದ್ನಲ್ಲ, ಅದೇ ಬಾಯಲ್ಲಿ ಸೇರೋಣ ಅನ್ನೋಕೆ ಧೈರ್ಯ ಸಾಲ್ಲಿಲ್ಲ. ಅದಕ್ಕೇ ಪ್ರಶ್ನೆ ತಿರುಗಿಸ್ದೆ. ಒಪ್ಪದವರು ಅಂದ್ರೆ ಸಾಕು, ನೀನು ಎದ್ದೇ ಏಳ್ತೀಯ ಅಂತ ಗೊತ್ತಿತ್ತು. ಇಡೀ ಪಂಚಾಯ್ತಿಯಲ್ಲಿ ನಾನು ನಂಬಬಹುದಾಗಿದ್ದೋನು ನೀನೊಬ್ಬನೇ."

"ಎತ್ತಿನ ಹಾಗೆ ನೊಗಕ್ಕೆ ಹೂಡಿದ್ಯಲ್ಲೋ ನನ್ನ," ಅಂದ ಓಟ್ಮಾರ್. "ನನ್ನ ಮಕ್ಕಳ ಮದುವೆಯಲ್ಲೂ ಜನ ನಕ್ಕರು. ನೀನು ಎದುರಿಗೇ ಕೂತಿದ್ದೆ. ಒಂದು ದಿನ, ಒಂದೇ ಒಂದು ದಿನ ಬಾಯಿ ಬಿಡ್ಬಾರ್ದಿತ್ತಾ?"

"ಹೆದರಿಕೆ ಆಯ್ತು."

ಓಟ್ಮಾರ್ ಟೋಪಿ ಎತ್ತಿಕೊಂಡು ಹೊರಟುಬಿಟ್ಟ. ಇಸ್ಪೀಟು ಕಟ್ಟು ಹಾಸಿಗೆಯ ಮೇಲೆಯೇ ಉಳಿಯಿತು. ಬಸ್ಸಿನಲ್ಲಿ ಕೂತು ಅವನು ಗೆಳೆಯನಿಗೆ ಬಾಯಿಗೆ ಬಂದ ಬೈಗುಳವನ್ನೆಲ್ಲ ಬಯ್ದ. ಮುಂದಿನ ಗುರುವಾರ ಹೋಗಿ ಎದುರಿಗೇ ಬಯ್ಯುತ್ತೇನೆ ಅಂದುಕೊಂಡ. ಭಾನುವಾರ ಬೆಳಗ್ಗೆ ಇಗರ್ಜಿಯಲ್ಲಿ ಸಾವಿನ ಗಂಟೆ ಬಾರಿಸಿತು.

ಮಣ್ಣಿಗೆ ಊರೆಲ್ಲ ಬಂದಿತ್ತು. ಕೆಸಿಂಗನ್ನಿನ ಮೇಯರಮ್ಮ ದೊಡ್ಡ ಹೂಚಕ್ರ ತಂದಿದ್ದರು, ಕಾಗದ ನೋಡಿಕೊಂಡು ಚೆನ್ನಾಗಿಯೇ ಮಾತಾಡಿದರು. ನಮ್ಮಲ್ಲಿ ಪಂಚಾಯ್ತಿಯವರು ಸತ್ತರೆ ಜೊತೆಗೆ ಕೂತವರೊಬ್ಬರು ಗುಂಡಿಯ ಪಕ್ಕ ನಿಂತು ನಾಲ್ಕು ಮಾತು ಆಡಬೇಕು. ಆ ಕೋಣೆಯಲ್ಲಿ ಕೂತವರ ಪೈಕಿ ಉಳಿದಿದ್ದವರು ಇಬ್ಬರೇ, ಕಾಸ್ಪರ್ ಮತ್ತು ಓಟ್ಮಾರ್. ಕಾಸ್ಪರ್ ಆಗೋದಿಲ್ಲ ಅಂದಿದ್ದ.

ಓಟ್ಮಾರ್ ಮುಂದೆ ಬಂದ. ಮೂವತ್ತು ವರ್ಷ ಕಾಡಿದ ನಿಜ ಈಗ ಅವನ ನಾಲಿಗೆಯ ತುದಿಯಲ್ಲಿತ್ತು. ಹೇಳಿಬಿಟ್ಟರೆ ದಡ್ಡನ ಪಟ್ಟ ಇಲ್ಲಿಗೇ ಇಳಿಯುತ್ತದೆ, ಇವತ್ತೇ, ಎಲ್ಲರ ಎದುರಿಗೇ. ಸತ್ತವನೇನು ಎದ್ದು ಬಂದು ಅಲ್ಲಗಳೆಯುವುದಿಲ್ಲ. ಹೇಳಬೇಕೆಂದೇ ಬಂದಿದ್ದ ಅನ್ನಿ. ಅಷ್ಟರಲ್ಲಿ ಹಿಂದಿನಿಂದ ಕಾಸ್ಪರ್, ಎಲ್ಲರಿಗೂ ಕೇಳುವ ಹಾಗೆ, "ಊರು ಮಾರಿದವನಿಗೆ ಇಷ್ಟೊಂದು ಹೂವು," ಅಂದ. ವೆಂಡೆಲಿನ್ನನ ಮಗಳು ಗೆರ್ಲಿಂಡೆ ಗುಂಡಿಯ ಅಂಚಿನಲ್ಲಿ ನಿಂತಿದ್ದವಳು ತಲೆ ತಗ್ಗಿಸಿದಳು. ಆ ಮಾತು ಅವಳಿಗೆ ಹೊಸದಲ್ಲ ಅನ್ನುವುದು ಅವಳು ತಗ್ಗಿಸಿದ ರೀತಿಯಲ್ಲೇ ಗೊತ್ತಾಗುತ್ತಿತ್ತು.

ಓಟ್ಮಾರ್ ಅವಳನ್ನು ನೋಡಿದ. ಆಮೇಲೆ ಟೋಪಿ ತೆಗೆದ.

"ವೆಂಡೆಲಿನ್ ಯಾರಿಗೂ ಮೋಸ ಮಾಡ್ಲಿಲ್ಲ," ಅಂದ. "ಅವತ್ತು ಅವನು ಓದಿದ್ದು ನಂಗೆ ಚೆನ್ನಾಗಿ ಅರ್ಥ ಆಗಿತ್ತು. ಶಾಲೆ ಮುಚ್ಚೋದ್ರಲ್ಲಿತ್ತು. ಬಾವಿ ನೀರು ಕೆಟ್ಟಿತ್ತು. ಸೇರೋದೇ ಒಳ್ಳೇದು ಅಂತ ತಿಳಿದೇ ನಾನು ಎದ್ದೆ. ನಿಮಗೆಲ್ಲ ಹೆದರ್ಕೊಂಡು ಇಷ್ಟು ವರ್ಷ ದಡ್ಡನ ಹಾಗೆ ಇದ್ದುಬಿಟ್ಟೆ. ಊರು ಮಾರಿದೋರು ಅಂತ ಯಾರಾದ್ರೂ ಇದ್ರೆ ಅದು ನಾನು. ಅವನನ್ನ ಬಿಟ್ಬಿಡಿ."

ಒಂದು ಹಿಡಿ ಮಣ್ಣು ಹಾಕಿ ಪಕ್ಕಕ್ಕೆ ಸರಿದ. ಮೇಯರಮ್ಮ ತಮ್ಮ ಕಾಗದ ಮಡಿಸುವುದನ್ನು ನಿಲ್ಲಿಸಿ ನೋಡುತ್ತಿದ್ದರು.

ಜಿಂಕೆಯಲ್ಲಿ ಮಣ್ಣಿನ ಊಟವಿತ್ತು. ಓಟ್ಮಾರ್ ಕೂತ ಮೇಜಿಗೆ ಗೆರ್ಲಿಂಡೆ ಬಿಟ್ಟು ಬೇರೆ ಯಾರೂ ಬಂದು ಕೂರಲಿಲ್ಲ. ಅವಳು ಜಡೆಯ ಹಾಗೆ ಹೆಣೆದು ಬೇಯಿಸಿದ್ದ ಸಿಹಿ ಬ್ರೆಡ್ಡನ್ನು ಕೊಯ್ದು ಅವನ ತಟ್ಟೆಗೆ ಹಾಕಿದಳು, ಏನೋ ಹೇಳಲು ಹೊರಟು ಅಳುವುದಕ್ಕೆ ಶುರುಮಾಡಿದಳು. ಅವನು ಅವಳ ಕೈ ತಟ್ಟಿ ಕಾಫಿ ಕುಡಿದು ಮುಗಿಸಿದ.

ಮನೆಯ ದಾರಿಯಲ್ಲಿ ಲಿಯೋಬಾ, "ಮೇಜಿಗೆ ತಲೆ ಇಟ್ಟು ಅತ್ತಿದ್ದನ್ನ ನಾನು ಕಣ್ಣಾರೆ ಕಂಡಿದ್ದೀನಿ. ತಿಳಿದು ಎದ್ದವನು ಹಾಗೆ ಅಳ್ತಾನಾ?" ಅಂದಳು.

"ಇಲ್ಲ."

"ಮತ್ತೆ ಯಾಕೆ ಹಾಗಂದೆ? ದಡ್ಡ ಅಂತ ಹೇಳಿ ನಿನ್ನ ಉಳಿಸ್ಕೊಂಡಿದ್ದೆ. ಈಗ ದ್ರೋಹಿ ಅಂತಾರೆ."

"ಅವನಿಗೆ ಧೈರ್ಯ ಬರ್ಲಿಲ್ಲ ಕಣೆ. ಯಾರಾದ್ರೂ ಒಬ್ರು ಹೇಳ್ಬೇಕಿತ್ತಲ್ಲ."

ಅವಳಿಗೆ ಅರ್ಥವಾಯಿತೋ ಇಲ್ಲವೋ, ಅವನ ತೋಳು ಹಿಡಿದುಕೊಂಡಳು. ಅಷ್ಟರಲ್ಲಿ ಎದುರಿಂದ ಕಾಸ್ಪರ್ ಕೋಲೂರಿಕೊಂಡು ಬಂದ. ಓಟ್ಮಾರ್ ಟೋಪಿ ಎತ್ತಿ ನಮಸ್ಕಾರ ಮಾಡಿದ. ಕಾಸ್ಪರ್ ಅವನನ್ನು ಕಂಡ, ಗಂಟು ಮುಖ ಹಾಕಿಕೊಂಡು ಬೀದಿಯ ಆಚೆ ಬದಿಗೆ ದಾಟಿ ಹೋದ.

ಓಟ್ಮಾರ್ ನಿಂತು, ಅವನು ತಿರುವಿನಲ್ಲಿ ಮರೆಯಾಗುವ ತನಕ ನೋಡಿದ.

"ನೋಡಿದ್ಯಾ," ಅಂದ ಹೆಂಡತಿಗೆ, "ನಗ್ಲಿಲ್ಲ."